ಖಾಲಿ ಅಲ್ಲ

ಅಂಕಲಿಯಲ್ಲಿ ನನ್ನ ಹೆಸರು ಹೇಳಿ ಮನೆ ಕೇಳಿದರೆ ಯಾರೂ ತೋರಿಸುವುದಿಲ್ಲ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕೂತು ಕಬ್ಬಿನ ಗಾಡಿ ತೂಗುವ ರಾಜಾರಾಮ ಎಂದರೂ ತಲೆ ಕೆರೆದುಕೊಳ್ಳುತ್ತಾರೆ. 'ಸುಂದರಾನ ಗಂಡ' ಎಂದು ಕೇಳಿ ನೋಡಿ, ಚಹಾ ಅಂಗಡಿಯವನು ಕೈಯಲ್ಲಿದ್ದ ಕಿಟ್ಲಿ ಕೆಳಗಿಟ್ಟು ನಮ್ಮ ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾನೆ. ಇದರಿಂದ ನಿನಗೆ ಬೇಸರವಾಗುವುದಿಲ್ಲವೇ ಎಂದು ಹಲ್ಲು ಕಿರಿದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಒಂದೇ. ನಿಮ್ಮ ಹೆಂಡತಿಯ ಹೆಸರಿನಿಂದ ನಿಮ್ಮನ್ನು ಯಾರಾದರೂ ಗುರುತಿಸುತ್ತಾರೇನು? ಇಲ್ಲವಲ್ಲ, ಹಾಗಾದರೆ ಬಾಯಿ ಮುಚ್ಚಿಕೊಂಡು ಚಹಾ ಕುಡಿಯಿರಿ.

ನಾನು ಮೊದಲಿನಿಂದಲೂ ಕಡ್ಡಿ ಪೈಲ್ವಾನ. ಅಂಗಿ ಹಾಕಿಕೊಂಡರೆ ಗೂಟಕ್ಕೆ ನೇತು ಹಾಕಿದ ಹಾಗೆ ಕಾಣುತ್ತೇನೆ. ತೊಂಬತ್ತನೇ ಇಸವಿಯಲ್ಲಿ ಊರಿನ ತಾಲೀಮಿಗೆ ಕೊಲ್ಹಾಪುರದಿಂದ ಹೊಸ ಬಾರು, ಪ್ಲೇಟು ಬಂದವು. ಅಲ್ಲಿಯ ತನಕ ತಾಲೀಮೆಂದರೆ ಕೆಮ್ಮಣ್ಣಿನ ಅಖಾಡ, ದಂಡ, ಬೈಠಕು, ಮೂಲೆಯಲ್ಲೊಂದು ಕಲ್ಲುಗುಂಡು, ಗೋಡೆಯ ಮೇಲೆ ಮಾರುತಿಯ ಪಟ, ಇಷ್ಟೇ. ಹೊಸ ಕಬ್ಬಿಣದ ಹೊಳಪು ನೋಡಿ ಊರಿನ ಗಂಡಸರೆಲ್ಲ ಸಾಲುಗಟ್ಟಿದರು, ಅವರ ಹಿಂದೆ ನಾನೂ ನಿಂತೆ. ತಾಲೀಮಿನ ವಸ್ತಾದ ಧರಣೇಂದ್ರ ನನ್ನ ಓರಗೆಯವನು, ಒಳ್ಳೆಯವನು. ನನ್ನನ್ನು ನೋಡಿ ನಗಲಿಲ್ಲ.

ಅವನು ಎಲ್ಲಕ್ಕಿಂತ ಮೊದಲು ಕಲಿಸಿದ್ದು ಬಾರನ್ನು ತಲೆಯ ಮೇಲೆ ಎತ್ತುವುದನ್ನು. ಅದಕ್ಕೆ ಓವರ್‌ಹೆಡ್ ಪ್ರೆಸ್ ಎಂಬ ಹೆಸರಿದೆಯೆಂದು ಅವನೇ ಹೇಳಿದ. ಬಾರನ್ನು ಕೊರಳ ಬುಡದಲ್ಲಿ, ಎದೆಯ ಮೇಲೆ ಇಟ್ಟುಕೊಳ್ಳಬೇಕು. ಮೊಣಕಾಲು ಬಗ್ಗಬಾರದು, ಬೆನ್ನು ಹಿಂದಕ್ಕೆ ವಾಲಬಾರದು. ಗದ್ದವನ್ನು ತುಸು ಹಿಂದೆ ಸರಿಸಿ ಬಾರಿಗೆ ದಾರಿ ಬಿಟ್ಟು, ಮೇಲಕ್ಕೆ ಒತ್ತಿ, ಅದು ಹಣೆ ದಾಟಿದ ಮೇಲೆ ತಲೆಯನ್ನು ಮುಂದೆ ತಂದು ಕೈ ನೆಟ್ಟಗೆ ಮಾಡಬೇಕು.

"ಎತ್ತಿದ್ರಿ ಅಂದ್ರ ಮುಗೀತು ಅಂತ ತಿಳೀಬ್ಯಾಡ್ರಿ," ಎನ್ನುತ್ತಿದ್ದ ಧರಣೇಂದ್ರ. "ಮುಂದ ನಿಂತಾವ 'ಇಳಸು' ಅನ್ನೂ ತನಕ ಹಿಡಕೊಂಡು ನಿಂದ್ರಬೇಕು. ಎತ್ತೂದು ಅರ್ಧಾ, ನಿಂದ್ರೂದು ಅರ್ಧಾ."

ನನ್ನ ಪಾಲಿಗೆ ಆ ಎರಡು ಅರ್ಧಗಳಲ್ಲಿ ಒಂದೂ ಬರಲಿಲ್ಲ. ಪ್ಲೇಟು ಹಾಕದ ಬರೀ ಬಾರು ನನ್ನ ಎದೆಯ ತನಕ ಬಂತು, ಅಲ್ಲಿಂದ ಮೇಲೆ ಹೋಗುವ ಮನಸ್ಸು ಮಾಡಲಿಲ್ಲ. ಮರುದಿನ ಕಾಟಾದಲ್ಲಿ ಒಬ್ಬ ಡ್ರೈವರ, "ಏನ್ರಿ ಸಾಹೇಬ್ರ, ನಿಮ್ಮನ್ನೂ ಗಾಡ್ಯಾಗ ಹಾಕಿ ತೂಗಿದ್ರ ಕಾಟಾಕ್ಕ ಗೊತ್ತಾಗ್ತೈತೇನ್ರಿ?" ಎಂದ. ಮೈ ಉರಿದುಹೋಯಿತು. ಇನ್ನು ಯಾರ ಕಣ್ಣಿಗೂ ಬೀಳದೆ ಮನೆಯಲ್ಲೇ ಕಲಿತು, ಒಂದು ದಿನ ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದು ಹಟ ಹಿಡಿದೆ.

ಹಿತ್ತಲಲ್ಲಿ ಹಳೆಯ ನೀರಾವರಿ ಪೈಪಿನ ತುಂಡೊಂದು ಬಿದ್ದಿತ್ತು. ಅದರ ಎರಡು ತುದಿಗೂ ಬಣ್ಣದ ಡಬ್ಬಿ ಸಿಕ್ಕಿಸಿ, ಡಬ್ಬಿಯೊಳಗೆ ಜಲ್ಲಿ, ಸಿಮೆಂಟು ಸುರಿದೆ. ಹೊರಗಿನಿಂದ ನೋಡಿದರೆ ಅವು ಅದೇ ಹಳೆಯ ಬಣ್ಣದ ಡಬ್ಬಿಗಳೇ, ಮುಚ್ಚಳ ಹಾಕಿದ ಹಾಗೇ ಇದ್ದವು. ಉತ್ಸಾಹದಲ್ಲಿ ಸಿಮೆಂಟು ಸ್ವಲ್ಪ ಜಾಸ್ತಿಯೇ ಆಯಿತು. ಒಣಗಿದ ಮೇಲೆ ಎತ್ತಲು ಹೋದರೆ ಪೈಪು ನೆಲ ಬಿಟ್ಟು ಏಳಲಿಲ್ಲ. ಇಡೀ ದಿನ ಟನ್ನುಗಟ್ಟಲೆ ತೂಗುವವನು ನನ್ನ ಕೈಯಾರೆ ಮಾಡಿದ್ದನ್ನು ಅಂದಾಜು ಮಾಡಲಾರದೆ ಹೋದೆ. ಅದನ್ನು ಅಂಗಳದ ನಡುವೆ ಬಿಟ್ಟು, ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೆ.

ಆಗ ಸುಂದರಾ ಕಸಬರಿಗೆ ಹಿಡಿದು ಅಂಗಳ ಗುಡಿಸುತ್ತ ಬಂದಳು. ಪೈಪು ಅಡ್ಡ ಬಂತು. ಕಸಬರಿಗೆಯನ್ನು ಗೋಡೆಗೆ ಒರಗಿಸಿ, ಬಗ್ಗಿ, ಅದನ್ನು ಎದೆಗೆ ತಂದುಕೊಂಡಳು. ಪಕ್ಕದಲ್ಲಿ ಎಮ್ಮೆಯ ಕರು ಕಟ್ಟಿತ್ತು, ಅದಕ್ಕೆ ತಾಗಬಾರದೆಂದು ಪೈಪನ್ನು ತಲೆಯ ಮೇಲಕ್ಕೆ ಎತ್ತಿ, ಕೈ ನೆಟ್ಟಗೆ ಮಾಡಿ ನಿಂತು ನನ್ನ ಕಡೆ ನೋಡಿದಳು.

"ಇದನ್ನ ಎಲ್ಲಿ ಇಡ್ಲಿ?" ಎಂದಳು.

ನಾನು ಅವಳ ಕಾಲು, ಬೆನ್ನು ನೋಡಿದೆ. ಮೊಣಕಾಲು ಬಗ್ಗಿರಲಿಲ್ಲ, ಬೆನ್ನು ವಾಲಿರಲಿಲ್ಲ. ಧರಣೇಂದ್ರ ತಾಲೀಮಿನಲ್ಲಿ ಬಾಯಿ ಬಡಿದುಕೊಂಡು ಹೇಳಿದ್ದೆಲ್ಲ ಯಾರೂ ಹೇಳದೆ ಅವಳಲ್ಲಿತ್ತು.

"ಕೇಳ್ಸಾಕತ್ತಿಲ್ಲೇನ್ರಿ? ಎಲ್ಲಿ ಇಡ್ಲಿ ಅಂದೆ!"

"ಇಳಸು," ಎಂದೆ ಕೊನೆಗೆ. ಇಳಿಸಿದಳು. ಕಸಬರಿಗೆ ತೆಗೆದುಕೊಂಡು ಉಳಿದ ಅಂಗಳ ಗುಡಿಸಿದಳು.

ಸುಂದರಾ ಮೂಡಲ ಸೀಮೆಯವಳು, ಅಥಣಿಯಿಂದಲೂ ಆಚೆ ತೆಲಸಂಗದ ಕಡೆಯವಳು. ಅಲ್ಲಿ ಮರಾಠಿ ಕಿವಿಗೆ ಬೀಳುವುದೇ ಅಪರೂಪ. ನಮ್ಮ ಕಡೆ ಹಾಗಲ್ಲ. ನಾವು ಎರಡೂ ಭಾಷೆಯನ್ನು ಅನ್ನ, ಸಾರಿನಂತೆ ಕಲಸಿಕೊಂಡು ಉಣ್ಣುವ ಜನ, ಯಾವ ತುತ್ತಿನಲ್ಲಿ ಯಾವುದಿದೆ ಎಂದು ನೋಡುವುದಿಲ್ಲ. ಮನೆಯಲ್ಲಿ ನಮ್ಮ ಅವ್ವ ತುಳಸವ್ವ ಬರೀ ಕನ್ನಡದವಳಾದ್ದರಿಂದ, ಸಂತೆ ಪ್ಯಾಟಿ ನಾನೇ ಮಾಡುತ್ತಿದ್ದುದರಿಂದ, ಸುಂದರಾಳಿಗೆ ಮರಾಠಿಯ ಗರಜೇ ಬಿದ್ದಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಮಾತ್ರ ಬೇಕಾದಾಗಲೇ ಮರೆತೆ.

ಆ ದಿನದಿಂದ ಪೈಪು ಅವಳದಾಯಿತು. ಬೆಳಗ್ಗೆ ಎಮ್ಮೆ ಹಿಂಡಿದ ಮೇಲೆ, ಒಲೆಯ ಬೂದಿಯನ್ನು ಅಂಗೈಗೆ ತಿಕ್ಕಿಕೊಂಡು, ಸೀರೆಯ ಕಚ್ಚೆ ಬಿಗಿದು ನಿಲ್ಲುತ್ತಿದ್ದಳು. ನಾನು ಎದುರಿಗೆ ವಸ್ತಾದನ ಗತ್ತಿನಲ್ಲಿ ಕೈ ಕಟ್ಟಿ ನಿಲ್ಲುತ್ತಿದ್ದೆ. ಅವಳು ಎತ್ತುವಳು, ನಾನು 'ಇಳಸು' ಎನ್ನುವ ತನಕ ಹಿಡಿದು ನಿಲ್ಲುವಳು. ಆ ಮಾತನ್ನು ನಾನು ಯಾವತ್ತೂ ತಡ ಮಾಡಿಯೇ ಹೇಳುತ್ತಿದ್ದೆ. ಮೈ ಗಟ್ಟಿಯಾಗಲಿ ಎಂದು ತಡ ಮಾಡುತ್ತೇನೆಂದು ಅವಳಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ನನಗೆ ನೋಡಿದಷ್ಟೂ ಸಾಲುತ್ತಿರಲಿಲ್ಲ.

"ನನ್ನ ಮಾರಿ ಏನ್ ನೋಡಾಕತ್ತೀರಿ? ಲಗೂನ 'ಇಳಸು' ಅನ್ರಿ!" ಎಂದು ಬೈಯುತ್ತಿದ್ದಳು, ಪೈಪು ಮೇಲೆ ಇದ್ದ ಹಾಗೆಯೇ.

ಅವ್ವ ಮೊದಲು ಗೊಣಗಿದಳು. ಆಮೇಲೆ ಅವಳೇ ದಿನಾ ಒಂದು ಲೋಟ ಹಾಲು ತೆಗೆದಿಡತೊಡಗಿದಳು. ಅದು ನನಗೆಂದು ಕೈ ಚಾಚಿದ್ದಕ್ಕೆ, "ನೀ ಏನ್ ಎತ್ತೀಯಪ್ಪಾ ಹಾಲ ಕುಡ್ಯಾಕ?" ಎಂದು ಲೋಟ ಕಿತ್ತುಕೊಂಡಳು.

ನೆರೆಮನೆಯ ಭೀಮಾಬಾಯಿ ಗೋಡೆಯ ಮೇಲಿಂದ ಇದನ್ನು ನೋಡಿದ್ದೇ ತಡ, ಊರಿಗೆಲ್ಲ ಸುದ್ದಿ ಹೋಯಿತು. ತಾಲೀಮಿನ ಹಿರಿಯ ವಿರುಪಾಕ್ಷಪ್ಪನವರ ಕಿವಿಗೂ ಬಿತ್ತು. ಹೊಳೆಯ ದಂಡೆಯಲ್ಲಿ ಕಬ್ಬಿನ ಹೊಲ ಇದ್ದವರು, ತಲೆಗೆ ಗುಲಾಬಿ ಪಟಗಾ ಸುತ್ತುವವರು, ಪ್ರಾಯದಲ್ಲಿ ತಾವೇ ದೊಡ್ಡ ಪೈಲ್ವಾನರು. ಅವರ ಮಾತಿಗೆ ತಾಲೀಮಿನಲ್ಲಿ ಎದುರು ಮಾತಿರಲಿಲ್ಲ. ಅವರು ಬಂದು ನೋಡಲೂ ಇಲ್ಲ, ಕೂತಲ್ಲಿಯೇ ಹೇಳಿಬಿಟ್ಟರು.

"ಬಣ್ಣದ ಡಬ್ಬಿ ಅಲ್ಲೇನು? ಖಾಲಿ ಇರ್ತಾವ ತಗೋ. ಖಾಲಿ ಡಬ್ಬಿ ಯಾರರೆ ಎತ್ತತಾರ."

ಆ ಮಾತು ಊರಿನ ಬಾಯಿಗೆ ಬೆಲ್ಲವಾಯಿತು. ಅದಕ್ಕೊಂದು ಕೆಟ್ಟ ಕಾರಣವೂ ಇತ್ತು. ನಮ್ಮ ಮದುವೆಯಾಗಿ ವರ್ಷಗಳೇ ಕಳೆದಿದ್ದವು, ಮಕ್ಕಳಾಗಿರಲಿಲ್ಲ. ಸುಂದರಾ ನಳದ ಹತ್ತಿರ ಕೊಡ ಹಿಡಿದು ಹೋದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, "ಬಂತ ನೋಡ್ರೇ, ಖಾಲಿ ಡಬ್ಬಿ," ಎಂದು ದಾರಿ ಬಿಡುತ್ತಿದ್ದರು. ಆ ಒಂದು ಮಾತಿನಿಂದ ಎರಡು ಕಡೆ ಚುಚ್ಚುತ್ತಿದ್ದರು. ಅವಳು ಮನೆಗೆ ಬಂದು ಕೊಡ ಇಳಿಸಿ, ಏನೂ ಆಗಿಲ್ಲವೆಂಬಂತೆ ರೊಟ್ಟಿ ಬಡಿಯುತ್ತಿದ್ದಳು. ಅಂಥ ದಿನ ಬಡಿತದ ಸದ್ದು ಬೀದಿಯ ತನಕ ಕೇಳುತ್ತಿತ್ತು.

ನಾನು ಸುತ್ತಿಗೆ ತೆಗೆದುಕೊಂಡೆ. "ತಾಲೀಮಿನ ಮುಂದ ಒಯ್ದು ಈ ಡಬ್ಬಿ ಒಡದ ತೋರಸ್ತೀನಿ. ಒಳಗಿನ ಸಿಮೆಂಟ ಅವರ ತೊಡಿ ಮ್ಯಾಲ ಸುರೀತೀನಿ," ಎಂದು ಕೂಗಾಡಿದೆ.

ಸುಂದರಾ ಸುತ್ತಿಗೆ ಕಸಿದುಕೊಂಡಳು. ಕಸಿದುಕೊಳ್ಳುವುದು ಅವಳಿಗೇನು ಕಷ್ಟ.

"ಒಡದ ತೋರಿಸಿದ್ರ, ನಾವ ಕಳ್ಳರು ಅಂತ ನಾವ ಒಪ್ಪಿದಂಗ ಆಗ್ತೈತಿ," ಎಂದಳು. "ನಂಗ ಈ ಪೈಪ ಬ್ಯಾಡ, ಕೈ ಕೊರೀತೈತಿ. ನಂಗ ತಾಲೀಮಿನ ಬಾರ ಬೇಕು. ಎಲ್ಲಾರ ಮುಂದ ಅದರ ಮ್ಯಾಲ ಅವರ ಪ್ಲೇಟ ಅವರ ಹಾಕ್ಲಿ. ಆವಾಗ ಖಾಲಿ ಅಂತಾರೇನು ನೋಡೂಣು."

ತಾಲೀಮಿನಲ್ಲಿ ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ಅಖಾಡದ ಮಣ್ಣು, ಮಾರುತಿಯ ಪಟ ಎಂದು ಅಜ್ಜನ ಕಾಲದಿಂದ ಬಂದ ಕಟ್ಟು. ನಾನು ಧರಣೇಂದ್ರನನ್ನು ಕರೆದುಕೊಂಡು ವಿರುಪಾಕ್ಷಪ್ಪನವರ ಮನೆಗೆ ಹೋದೆ. ಧರಣೇಂದ್ರನ ಹತ್ತಿರ ಒಂದು ಸುದ್ದಿಯಿತ್ತು. ಬರುವ ಚೈತ್ರದಲ್ಲಿ ನಿಪ್ಪಾಣಿಯ ವ್ಯಾಯಾಮಶಾಲೆಯೊಂದರಲ್ಲಿ ಓವರ್‌ಹೆಡ್ ಪ್ರೆಸ್ ಸ್ಪರ್ಧೆ ಇತ್ತು, ಆ ವರ್ಷ ಮೊದಲ ಸಲ ಹೆಂಗಸರಿಗೂ ಇಟ್ಟಿದ್ದರು. ತೀರ್ಪು ಕೊಡುವ ಪಂಚರು ಕೊಲ್ಹಾಪುರದಿಂದ ಬರುವವರಿದ್ದರು.

ವಿರುಪಾಕ್ಷಪ್ಪನವರು ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿಸಿಕೊಂಡರು. ನನಗೆ ಬೈಸಿಕೊಳ್ಳುವ ತಯಾರಿ ಇತ್ತು, ತಿರುಗಿ ಬೈಯುವ ತಯಾರಿಯೂ ಇತ್ತು. ಅವರು ಬೈಯಲಿಲ್ಲ.

"ನಾ ಒಪ್ಪಿಲ್ಲಂದ್ರ ನನ್ನ ಮಾತ ನಡೀತೈತಿ, ಖರೆ," ಎಂದರು. "ಆದ್ರ ಪಂಚರ ಮಾತ ನನ್ನ ಮಾತಿಗಿಂತ ದೊಡ್ಡದು. ನಿನ್ನ ಹೇಣ್ತಿ ನಿಪ್ಪಾಣ್ಯಾಗ ಎತ್ತಲಿ. ಪಂಚರು ಬಿಳಿ ಬಾವುಟಾ ಎತ್ತಿದ್ರ ತಾಲೀಮಿನ ಬಾಗಲಾ ಆಕಿಗೆ ತೆರದೈತಿ. ಆಕಿಗಷ್ಟ ಅಲ್ಲ, ಬರೂ ಹೆಣ್ಮಕ್ಕಳಿಗೆಲ್ಲಾ. ಕೆಂಪ ಬಾವುಟಾ ಎತ್ತಿದ್ರ, ನೀ ಆ ಡಬ್ಬಿ ಗುಜರಿಗೆ ಹಾಕಿ ಸುಮ್ನ ಕುಂದರಬೇಕು. ಆತೇನು?"

"ಆತ್ರಿ ಅಣ್ಣಾರ," ಎಂದೆ. ಬಾಗಿಲು ತೆರೆಯುವುದೂ ಮುಚ್ಚುವುದೂ ಒಬ್ಬಳ ಎರಡು ತೋಳಿನ ಮೇಲೆ ಬಂದು ಕೂತಿತ್ತು.

ಸ್ಪರ್ಧೆಯ ದಿನ ಚಿಕ್ಕೋಡಿಗೆ ಹೋಗಿ ಬಸ್ಸು ಬದಲಾಯಿಸಿ ನಿಪ್ಪಾಣಿಗೆ ಇಳಿದಾಗ ಊರೆಲ್ಲ ತಂಬಾಕಿನ ಘಾಟು. ಸುಂದರಾ ಮೂಗಿಗೆ ಸೆರಗು ಹಿಡಿದಳು. ವ್ಯಾಯಾಮಶಾಲೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಕುರ್ಚಿಗಳ ಸಾಲಿನಲ್ಲಿ ನಮ್ಮ ಗುಲಾಬಿ ಪಟಗಾ ಆಗಲೇ ಬಂದು ಕೂತಿತ್ತು. ಆ ಕಡೆಯ ತಾಲೀಮುಗಳವರೆಲ್ಲ ವಿರುಪಾಕ್ಷಪ್ಪನವರ ಕೈ ಹಿಡಿದು ಮಾತಾಡಿಸುತ್ತಿದ್ದರು.

ಹೆಂಗಸರ ಪೈಕಿ ನಾಲ್ಕೈದು ಮಂದಿ ಇದ್ದರು. ಉಳಿದವರೆಲ್ಲ ಕೊಲ್ಹಾಪುರ, ಇಚಲಕರಂಜಿ ಕಡೆಯ ಕಾಲೇಜು ಹುಡುಗಿಯರು, ಕಾಲಿಗೆ ಬೂಟು, ಮೈಮೇಲೆ ನೀಲಿ ಪ್ಯಾಂಟು. ನಮ್ಮವಳು ಹಸಿರು ಇಳಕಲ್ ಸೀರೆಯ ಕಚ್ಚೆ ಹಾಕಿ, ಬರಿಗಾಲಲ್ಲಿ ಬಂದವಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಿದ ನೋಟಕ್ಕೆ ಸುಮ್ಮನಾದರು.

ಪಂಚರು ಬಿಳಿ ಮೀಸೆಯ ಹಿರಿಯರು, ಕೊರಳಲ್ಲಿ ಸೀಟಿ. ಸ್ಪರ್ಧೆಯ ನಿಯಮಗಳನ್ನು ಮರಾಠಿಯಲ್ಲಿ ಓದಿ ಹೇಳಿದರು. ಒಬ್ಬೊಬ್ಬರಿಗೆ ಎರಡು ಅವಕಾಶ. ಮೊಣಕಾಲು ಬಗ್ಗಿದರೆ ರದ್ದು. ಮೇಲೆ ಹಿಡಿದು ನಿಲ್ಲಬೇಕು, ಸೀಟಿ ಊದುವ ಮೊದಲು ಇಳಿಸಿದರೆ ರದ್ದು. ಪಂಚರನ್ನು ಬಿಟ್ಟು ಬೇರೆ ಯಾರಾದರೂ ಎತ್ತುವವರಿಗೆ ಹೇಳಿಕೊಟ್ಟರೆ ಅದೂ ರದ್ದು. ಬಾರು ನೆಲ ಮುಟ್ಟಿದ ಮೇಲೆ ಬಾವುಟ, ಬಿಳಿಯಾದರೆ ಪಾಸು. ನಾನು ಇದನ್ನೆಲ್ಲ ಸುಂದರಾಳ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು.

ಅವಳ ಸರದಿ ಎಲ್ಲರಿಗಿಂತ ಕೊನೆಗೆ ಬಂತು. ನಲವತ್ತೈದು ಕೆ.ಜಿ. ಹಾಕಿಸಿದೆವು. ಅಂಗೈಗೆ ಸೀಮೆಸುಣ್ಣದ ಪುಡಿ ತಿಕ್ಕಿಕೊಂಡು, ಬಾರನ್ನು ಎದೆಗೆ ತಂದುಕೊಂಡಳು. ಉಸಿರು ಕಟ್ಟಿ ಒತ್ತಿದಳು, ನಮ್ಮ ಅಂಗಳದಲ್ಲಿ ಎತ್ತಿದ ಹಾಗೆಯೇ ಎತ್ತಿದಳು. ಕೈ ನೆಟ್ಟಗಾಗುತ್ತಿದ್ದ ಹಾಗೆ ಹಿಂದಿನ ಸಾಲಿನ ಯಾವನೋ ದಂಡಪಿಂಡ ಬಾಯಿಗೆ ಬೆರಳು ಹಾಕಿ ಸೀಟಿ ಹೊಡೆದ. ಅವಳು ಅದನ್ನೇ ಪಂಚರ ಸೀಟಿ ಎಂದು ತಿಳಿದು ಬಾರು ಇಳಿಸಿಬಿಟ್ಟಳು.

ಕೆಂಪು ಬಾವುಟ ಮೇಲೆ ಹೋಯಿತು. ಆ ಸೀಟಿಯವನನ್ನು ಹುಡುಕಿ ಬೆರಳು ಮುರಿಯಲು ಹೊರಟಿದ್ದೆ, ಧರಣೇಂದ್ರ ಅಂಗಿ ಹಿಡಿದು ನಿಲ್ಲಿಸಿದ.

ಪಂಚರಿಗೂ ಸಿಟ್ಟು ಬಂದಿತ್ತು. ಆದರೆ ನಿಯಮ ನಿಯಮವೇ, ಕೆಂಪು ಬಾವುಟ ಹಿಂದಕ್ಕೆ ಬರಲಿಲ್ಲ. ಅವರು ಸೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲೆ ಕುಕ್ಕಿ, ಮುಂದೆ ಸೀಟಿ ಇಲ್ಲ, ಬಾಯಿಯಿಂದಲೇ ಹೇಳುತ್ತೇನೆ ಎಂದು ಮರಾಠಿಯಲ್ಲಿ ಸಾರಿದರು. ನಾನು ಓಡಿ ಹೋಗಿ ಸುಂದರಾಳಿಗೆ ಹೇಳಿದೆ.

"ಇನ್ನ ಸೀಟಿ ಊದೂದಿಲ್ಲ. ಪಂಚರು ಬಾಯಿಲೆ ಹೇಳ್ತಾರ. ಅವರು ಹೇಳೂ ತನಕ, ಮುಗಲ ಬಿದ್ರೂ ಇಳಸಬ್ಯಾಡ."

"ಇಳಸೂದಿಲ್ಲ," ಎಂದಳು. ಅವಳ ಕಣ್ಣು ಕೆಂಪಾಗಿದ್ದವು.

ಪಂಚರು ಯಾವ ಮಾತು ಹೇಳುತ್ತಾರೆ ಎಂಬುದನ್ನು ನಾನು ಹೇಳಲೇ ಇಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ನನ್ನ ಕಿವಿಗೆ ಎರಡೂ ಭಾಷೆ ಒಂದೇ ಅಲ್ಲವೇ.

ಎರಡನೆಯ ಸಲ ಸುಂದರಾ ಬಾರನ್ನು ಎದೆಗೆ ತಂದುಕೊಂಡಳು. ಸೋತ ಸಿಟ್ಟಿಗೆ ತೋಳು ಮೊದಲಿಗಿಂತ ಭಾರವಾಗಿದ್ದವೋ ಏನೋ, ಬಾರು ಹಣೆಯ ಹತ್ತಿರ ಒಂದು ಗಳಿಗೆ ನಿಂತುಬಿಟ್ಟಿತು. ನನ್ನ ಮೊಣಕಾಲು ಬಗ್ಗಿದವು, ಅವಳವು ಬಗ್ಗಲಿಲ್ಲ. ಹಲ್ಲು ಕಚ್ಚಿ ಒತ್ತಿದಳು. ಬಾರು ಹಣೆ ದಾಟಿತು, ತಲೆ ಮುಂದೆ ಬಂತು, ಕೈ ನೆಟ್ಟಗಾದವು. ಅವಳು ನಿಂತಳು.

ಪಂಚರು ಕೈ ಕೆಳಗೆ ಬೀಸಿ, ದೊಡ್ಡ ದನಿಯಲ್ಲಿ ಹೇಳಿದರು. "ಖಾಲೀ!"

ಸುಂದರಾ ಇಳಿಸಲಿಲ್ಲ.

ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಕೆಳಗೆ ಇಳಿಸು ಎಂದು ಅವರ ಮಾತು. ತೆಲಸಂಗದ ಹೆಣ್ಣುಮಗಳಿಗೆ ಖಾಲಿ ಎಂದರೆ ಒಂದೇ ಅರ್ಥ, ಒಳಗೆ ಏನೂ ಇಲ್ಲ ಎಂದು. ಅವಳ ಮುಖ ಬಣ್ಣ ಬದಲಿಸಿದ್ದನ್ನು ನೋಡಿದಾಗಲೇ ನನ್ನ ತಲೆಗೆ ಹೊಳೆದಿದ್ದು. ನಳದ ಹೆಂಗಸರ ಮಾತು ಬಸ್ಸು ಹತ್ತಿ ನಿಪ್ಪಾಣಿಯ ತನಕ ತನ್ನ ಹಿಂದೆ ಬಂದಿದೆ ಎಂದು ಅವಳು ತಿಳಿದಿದ್ದಳು.

"ಖಾಲೀ! ಬಾಈ, ಖಾಲೀ!" ಪಂಚರು ಮತ್ತೆ ಕೂಗಿದರು, ಕೈಯನ್ನು ಜೋರಾಗಿ ಬೀಸಿದರು. ಆ ಕೈ ಬೀಸುವುದೂ ಅವಳಿಗೆ 'ಹೋಗು, ಹೋಗು' ಎಂದ ಹಾಗೆ ಕಂಡಿರಬೇಕು. ಇನ್ನಷ್ಟು ಗಟ್ಟಿಯಾಗಿ ನಿಂತಳು. ತೋಳು ನಡುಗತೊಡಗಿದ್ದವು. ಕೊರಳ ನರಗಳು ಎದ್ದು ಕಾಣುತ್ತಿದ್ದವು.

ಕೂಗಲು ಬಾಯಿ ತೆರೆದೆ. ಧರಣೇಂದ್ರ ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದ. "ಹೇಳಿಕೊಟ್ರ ರದ್ದಾಗ್ತೈತಿ ಮಾರಾಯಾ!" ಎಂದು ಕಿವಿಯಲ್ಲಿ ಪಿಸುಗುಟ್ಟಿದ. ನಾನು ಮಾತಾಡಿದರೆ ತಾಲೀಮಿನ ಬಾಗಿಲು ಮುಚ್ಚಿತು. ಮಾತಾಡದಿದ್ದರೆ ಆ ಕಬ್ಬಿಣ ನನ್ನ ಹೆಂಡತಿಯ ತಲೆಯ ಮೇಲೆ ಬೀಳುತ್ತದೆ. ಬಾಗಿಲು ಹಾಳಾಗಿ ಹೋಗಲಿ ಎಂದು ಅವನ ಕೈಯನ್ನು ಕಚ್ಚಿದೆ. ಆದರೆ ನನಗಿಂತ ಮೊದಲು ಅವಳೇ ಮಾತಾಡಿದಳು.

ಬಾರು ತಲೆಯ ಮೇಲೆ ಇದ್ದ ಹಾಗೆಯೇ, ಪಂಚರ ಮುಖಕ್ಕೆ ಮುಖ ಕೊಟ್ಟು, ಹಾಲಿನ ಕೊನೆಯ ತನಕ ಕೇಳುವಂತೆ ಕೂಗಿದಳು.

"ಖಾಲಿ ಅಲ್ರೀ! ತುಂಬೈತಿ! ಬೇಕಂದ್ರ ನೀವ ಬಂದು ಹಿಡದ ನೋಡ್ರಿ!"

ನಿಪ್ಪಾಣಿಯವರಿಗೆ ಎರಡೂ ಭಾಷೆ ಬರುತ್ತದೆ. ಸಭೆಯೆಲ್ಲ ಗೊಳ್ಳೆಂದಿತು. ಕುರ್ಚಿಯಲ್ಲಿದ್ದವರು ತೊಡೆ ತಟ್ಟಿಕೊಂಡು ನಕ್ಕರು. ಕನ್ನಡ ಬಾರದ ಪಂಚರು ಮಾತ್ರ ಏನಾಯಿತೆಂದು ತಿಳಿಯದೆ ಅತ್ತಿತ್ತ ನೋಡಿದರು.

ಆಗ ಮುಂದಿನ ಸಾಲಿನಲ್ಲಿ ಗುಲಾಬಿ ಪಟಗಾ ಎದ್ದು ನಿಂತಿತು. ನನ್ನ ರಕ್ತ ಕುದಿಯಿತು. ಕೆಡಿಸಲೆಂದೇ ಎದ್ದ ಮುದುಕ, ಈಗ ಬಾಯಿ ಹಾಕಿ ರದ್ದು ಮಾಡಿಸುತ್ತಾನೆ ಎಂದುಕೊಂಡೆ. ವಿರುಪಾಕ್ಷಪ್ಪನವರು ಮೊದಲು ಹಿಂದೆ ತಿರುಗಿ ನಗುವವರನ್ನು ನೋಡಿದರು. ಅವರ ನೋಟಕ್ಕೆ ನಗೆ ನಿಂತಿತು. ಆಮೇಲೆ ಪಂಚರಿಗೆ ಕೈ ಮುಗಿದು ಮರಾಠಿಯಲ್ಲಿ, ಈ ಹೆಣ್ಣುಮಗಳು ನಮ್ಮ ಊರಿನವಳು, ಅವಳಿಗೆ ನಿಮ್ಮ ಭಾಷೆ ಬರುವುದಿಲ್ಲ, ನಿಮ್ಮ ಮಾತನ್ನು ನಾನು ಅವಳಿಗೆ ಹೇಳಲೇ ಎಂದು ಅಪ್ಪಣೆ ಕೇಳಿದರು. ಪಂಚರು ಅವಸರದಿಂದ ತಲೆಯಾಡಿಸಿದರು.

ವಿರುಪಾಕ್ಷಪ್ಪನವರು ಸುಂದರಾಳ ಕಡೆ ತಿರುಗಿದರು.

"ಇಳಸವ್ವಾ, ಇಳಸು. ಅವರು ಖಾಲಿ ಅಂದದ್ದು ಕೆಳಗ ಇಳಸು ಅಂತ. ಖಾಲಿ ಐತಿ ಅಂತ ಅಂದಾವ ನಾ ಒಬ್ಬನ. ನಂದ ತಪ್ಪಾತು. ತುಂಬೈತಿ ತಾಯಿ, ಎಲ್ಲಾರ ಮುಂದ ಹೇಳ್ತೀನಿ, ತುಂಬೈತಿ."

ಸುಂದರಾ ಅವರನ್ನು ನೋಡಿದಳು. ಕೂಡಲೇ ಇಳಿಸಲಿಲ್ಲ, ನೋಡಿ. ಆ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದು ಮೈಗೆ ಇಳಿಯುವ ತನಕ ಹಿಡಿದು ನಿಂತು, ಆಮೇಲೆ ಬಾರನ್ನು ಎದೆಗೆ ತಂದು, ಎದೆಯಿಂದ ನೆಲಕ್ಕೆ ಸದ್ದಾಗದಂತೆ ಇಟ್ಟಳು.

ಪಂಚರಿಗೆ ಯಾರೋ ಎಲ್ಲವನ್ನೂ ವಿವರಿಸಿದರು. ಅವರು ಮೀಸೆಯ ಅಡಿಯಲ್ಲಿ ನಕ್ಕು, ಕೆಂಪು ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಿಳಿಯದನ್ನು ತೋಳು ಪೂರ್ತಿ ಚಾಚಿ ಎತ್ತಿದರು. ಅವಳು ಬಾರನ್ನು ಹಿಡಿದು ನಿಂತ ಹಾಗೆಯೇ ಅವರೂ ಬಾವುಟವನ್ನು ಬಹಳ ಹೊತ್ತು ಹಿಡಿದು ನಿಂತರು. ನಾನು ಅಳುತ್ತಿದ್ದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಧರಣೇಂದ್ರನೂ ಅಳುತ್ತಿದ್ದ, ಆದರೆ ತಾನು ಕಚ್ಚಿಸಿಕೊಂಡ ಬೆರಳಿಗಾಗಿ ಅತ್ತೆ ಎಂದು ಇಂದಿಗೂ ವಾದ ಮಾಡುತ್ತಾನೆ.

ಸುಂದರಾಳಿಗೆ ಅಂದು ಎರಡನೆಯ ಬಹುಮಾನ ಬಂತು. ಇಚಲಕರಂಜಿಯ ಹುಡುಗಿ ಅವಳಿಗಿಂತ ಹೆಚ್ಚು ಎತ್ತಿದ್ದಳು, ನ್ಯಾಯವಾಗಿಯೇ ಎತ್ತಿದ್ದಳು. ಆ ಹುಡುಗಿ ಬಂದು ಸುಂದರಾಳ ಅಂಗೈ ಹಿಡಿದು, ಪೈಪು ಕೊರೆದ ಗುರುತುಗಳನ್ನು ಮುಟ್ಟಿ ನೋಡಿ ಹೋದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಸುಂದರಾ ನನ್ನ ಕಡೆ ಮುಖ ತಿರುಗಿಸಿ, "ಖಾಲಿ ಅಂದ್ರ ಕೆಳಗ ಅಂತ ನಿಮಗ ಗೊತ್ತಿತ್ತೇನ್ರಿ?" ಎಂದಳು.

"ಗೊತ್ತಿತ್ತು."

"ಮತ್ತ ಹೇಳಾಕ ಏನಾಗಿತ್ತು ಧಾಡಿ?"

ಚಿಕ್ಕೋಡಿ ಬರುವ ತನಕ ಬೈದಳು. ನನ್ನ ಬದುಕಿನಲ್ಲಿ ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ.

ವಿರುಪಾಕ್ಷಪ್ಪನವರು ಮಾತಿಗೆ ತಪ್ಪಲಿಲ್ಲ. ತಾಲೀಮಿನ ಬಾಗಿಲ ಎದುರು ತಾವೇ ನಿಂತು ಸುಂದರಾಳ ಕೈಯಿಂದ ತೆಂಗಿನಕಾಯಿ ಒಡೆಸಿದರು. ಮಾರುತಿ ಏನೂ ಅನ್ನಲಿಲ್ಲ. ಬೆಳಗಿನ ಹೊತ್ತು ಹೆಂಗಸರಿಗೆಂದು ಗೊತ್ತುಮಾಡಿದರು. ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಯಾರೆಂದುಕೊಂಡಿರಿ? ಗೋಡೆಯ ಮೇಲಿಂದ ಇಣುಕಿದ ಭೀಮಾಬಾಯಿ. ಅವಳ ಹಿಂದೆ ನಳದ ಹತ್ತಿರ ದಾರಿ ಬಿಡುತ್ತಿದ್ದವರ ಪೈಕಿ ಇಬ್ಬರು ತಲೆ ತಗ್ಗಿಸಿಕೊಂಡು ಬಂದರು. ಸುಂದರಾ ಅವರಿಗೆ ಏನೂ ಅನ್ನದೆ, ಬಾರನ್ನು ಎಲ್ಲಿ ಹಿಡಿಯಬೇಕೆಂದು ತೋರಿಸಿದಳು.

ಅಂಕಲಿಯ ತಾಲೀಮಿನಲ್ಲಿ ಅಂದಿನಿಂದ ಒಂದು ರೂಢಿ ಬಿದ್ದಿದೆ. ಬಾರನ್ನು ತಲೆಯ ಮೇಲೆ ಎತ್ತಿ ನಿಂತಾಗ ಎದುರಿಗೆ ನಿಂತವರು 'ಇಳಸು' ಎನ್ನುವುದಿಲ್ಲ, 'ಖಾಲಿ' ಎನ್ನುತ್ತಾರೆ. ಎತ್ತಿದವರು 'ತುಂಬೈತಿ' ಎಂದು ಉತ್ತರ ಕೊಟ್ಟೇ ಇಳಿಸಬೇಕು. ಉಸಿರು ಸಾಲದೆ ಉತ್ತರ ಬಾರದಿದ್ದರೆ ಆ ಎತ್ತುವಿಕೆ ಲೆಕ್ಕಕ್ಕಿಲ್ಲ. ಗಂಡಸರೂ ಈಗ ಹಾಗೆಯೇ ಮಾಡುತ್ತಾರೆ. ಹೊರಗಿನ ಊರಿನವರು ಕೇಳಿದರೆ, ಇದು ಅಜ್ಜನ ಕಾಲದ ಪದ್ಧತಿ ಎಂದು ವಿರುಪಾಕ್ಷಪ್ಪನವರು ಧೈರ್ಯವಾಗಿ ಸುಳ್ಳು ಹೇಳುತ್ತಾರೆ.

ಆಮೇಲೆ ನಮಗೆ ಮಕ್ಕಳಾದವೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ಬೆಳಗ್ಗೆ ಎದ್ದರೆ ತಾಲೀಮಿಗೆ ಹೊರಟ ಊರಿನ ಹೆಣ್ಣುಮಕ್ಕಳೆಲ್ಲ 'ಅಕ್ಕಾ, ಅಕ್ಕಾ' ಎಂದು ನಮ್ಮ ಅಂಗಳದಲ್ಲಿ ನಿಂತಿರುತ್ತಾರೆ. ಅವ್ವ ಅಷ್ಟು ಮಂದಿಗೆ ಹಾಲು ಎಲ್ಲಿಂದ ತರಲಿ ಎಂದು ಗೊಣಗುತ್ತ ಇನ್ನೊಂದು ಎಮ್ಮೆ ಕಟ್ಟಿಸಿದಳು. ಇಷ್ಟರ ಮೇಲೂ ನಮ್ಮ ಮನೆಯನ್ನು ಬರಿದು ಎನ್ನುವವರ ಜೊತೆ ನಾನು ಮಾತಾಡುವುದಿಲ್ಲ.

ಒಂದೇ ಒಂದು ಮಾತು ಉಳಿದಿದೆ. ಸ್ಪರ್ಧೆಯ ಮುಂದಿನ ವರ್ಷ ಒಂದು ಬೆಳಗ್ಗೆ, ತಾಲೀಮಿನಲ್ಲಿ, ಹೆಣ್ಣುಮಕ್ಕಳೆಲ್ಲ ಹೋದ ಮೇಲೆ, ಸುಂದರಾ ಪ್ಲೇಟುಗಳನ್ನೆಲ್ಲ ತೆಗೆದಿಟ್ಟು ಬರೀ ಬಾರನ್ನು ನನ್ನ ಮುಂದೆ ಇಟ್ಟಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ. ಗದ್ದ ಹಿಂದೆ ಸರಿಸಿ, ಮೊಣಕಾಲು ಗಟ್ಟಿ ಮಾಡಿ, ದೇವರನ್ನೆಲ್ಲ ನೆನೆದು ಒತ್ತಿದೆ. ಬಾರು ಹಣೆ ದಾಟಿತು. ನನ್ನ ತೋಳು ನೆಟ್ಟಗಾದವು. ಹುಟ್ಟಿದ ಮೇಲೆ ಮೊದಲ ಸಲ ನನ್ನ ತಲೆಯ ಮೇಲೆ ಕಬ್ಬಿಣ ನಿಂತಿತ್ತು.

ಸುಂದರಾ ನನ್ನ ಎದುರಿಗೆ ಕೈ ಕಟ್ಟಿ ನಿಂತಿದ್ದಳು. ಲಗೂನೆ ಹೇಳಲಿಲ್ಲ. ನನ್ನನ್ನೇ ನೋಡುತ್ತ, ನಾನು ಅವಳಿಗೆ ಮಾಡುತ್ತಿದ್ದ ಹಾಗೆಯೇ ತಡ ಮಾಡಿದಳು. ಆಮೇಲೆ ಪ್ಲೇಟು ಇಲ್ಲದ ಆ ಬಾರಿನ ಎರಡೂ ತುದಿಯನ್ನು ನೋಡಿ, ನಗು ತಡೆದುಕೊಂಡು, "ಖಾಲಿ," ಎಂದಳು.

ಅಂದು ಆ ಮಾತು ಎರಡೂ ಭಾಷೆಯಲ್ಲಿ ಸರಿಯಾಗಿತ್ತು. ಆದರೂ ನಾನು ಅವಳ ಮುಖ ನೋಡಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಹೇಳಿದೆ.

"ತುಂಬೈತಿ."